ಕಿವುಡಿನ ಅಳತೆ

ಕಿವಿ ಮಂದವೆಂದು ಹೇಳುವುದು ಸುಲಭ. ಎಷ್ಟು ಮಂದ, ಎಲ್ಲಿನ ದೋಷದಿಂದ ಮಂದ ಎಂಬುದನ್ನು ಹೇಳಬೇಕಾದರೆ ಅಳತೆ ಬೇಕು. ಇವು ಎರಡು ಬೇರೆ ಪ್ರಶ್ನೆಗಳು. ತರಗತಿಯಲ್ಲಿ ದಡ್ಡನೆನ್ನಿಸಿಕೊಂಡ ಹುಡುಗನ ಮುಂದಿನ ಬಾಳು ಕೆಲವೊಮ್ಮೆ ಇವುಗಳ ಉತ್ತರವನ್ನೇ ಅವಲಂಬಿಸಿರುತ್ತದೆ.

ಮೊದಲು ಶಬ್ದದ ದಾರಿಯನ್ನು ನೋಡೋಣ. ಒಳಗಿವಿಯಲ್ಲಿ ದ್ರವವಿದೆ. ಗಾಳಿಯಲ್ಲಿ ಬಂದ ಶಬ್ದವು ನೀರಿನ ಮೇಲೆ ನೇರವಾಗಿ ಬಿದ್ದರೆ ಅದರ ಶಕ್ತಿಯಲ್ಲಿ ಸುಮಾರು ಸಾವಿರದಲ್ಲೊಂದು ಪಾಲು ಮಾತ್ರ ಒಳಹೊಗುತ್ತದೆ, ಉಳಿದುದು ಪ್ರತಿಫಲಿಸುತ್ತದೆ. ಈ ನಷ್ಟವನ್ನು ತುಂಬುವುದು ನಡುಗಿವಿಯ ಕೆಲಸ. ಕಿವಿಯ ತಮಟೆಯ ವಿಸ್ತಾರವು ರಿಕಾಪು ಎಂಬ ಮೂಳೆಯ ಪಾದದ ಸುಮಾರು 17ರಷ್ಟು. ಇದರೊಡನೆ ಮೂರು ಕಿರುಮೂಳೆಗಳು ಸನ್ನೆಕೋಲಿನಂತೆ ಬಲವನ್ನು 1.3ರಷ್ಟು ಮಾಡುತ್ತವೆ. ಆದುದರಿಂದ ಒತ್ತಡವು ಸುಮಾರು 22 ಪಾಲಾಗಿ ಒಳಗಿವಿಯನ್ನು ಮುಟ್ಟುತ್ತದೆ.

‘ಎಷ್ಟು’ ಎಂಬುದಕ್ಕೆ ಉತ್ತರ ಕೊಡುವುದು ಶ್ರವಣಮಾಪಕ. ಸೆಕೆಂಡಿಗೆ 500, 1000, 2000, 4000 ಕಂಪನಗಳ ಸ್ವರಗಳನ್ನು ಕೇಳಿಸಿ, ಪ್ರತಿಯೊಂದೂ ಕೇಳಿಬರುವ ಕನಿಷ್ಠ ಮಟ್ಟವನ್ನು ಡೆಸಿಬೆಲ್‌ಗಳಲ್ಲಿ ಗುರುತಿಸಿ, ಸರಾಸರಿ ತೆಗೆಯುತ್ತಾರೆ. ಇಲ್ಲಿ ಸೊನ್ನೆಯೆಂದರೆ ನಿಶ್ಶಬ್ದವಲ್ಲ. ಆರೋಗ್ಯವಂತ ತರುಣರ ಕಿವಿಗೆ ಸರಾಸರಿಯಲ್ಲಿ ಕೇಳಿಸುವ ಅತ್ಯಲ್ಪ ಶಬ್ದ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಪ್ರಕಟಿಸಿದ ವರ್ಗೀಕರಣದಂತೆ, ಚೆನ್ನಾಗಿ ಕೇಳುವ ಕಿವಿಯ ಸರಾಸರಿ 20ಕ್ಕಿಂತ ಕಡಮೆಯಿದ್ದರೆ ದೋಷವಿಲ್ಲ. 20ರಿಂದ 35ರೊಳಗೆ ಅಲ್ಪ, 50ರೊಳಗೆ ಮಧ್ಯಮ, 65ರೊಳಗೆ ಮಧ್ಯಮ-ತೀವ್ರ, 80ರೊಳಗೆ ತೀವ್ರ, 95ರೊಳಗೆ ಅತಿತೀವ್ರ. ಅದರಾಚೆ ಸಂಪೂರ್ಣ ಕಿವುಡು. ಪ್ರತಿ 20 ಡೆಸಿಬೆಲ್‌ಗೆ ಶಬ್ದದ ಒತ್ತಡ ಹತ್ತುಪಟ್ಟಾಗುತ್ತದೆ. ಎಂದರೆ 60 ಡೆಸಿಬೆಲ್ ನಷ್ಟವಾದ ಕಿವಿಗೆ ಸಾವಿರಪಟ್ಟು ಒತ್ತಡ ಬೇಕು!

‘ಎಲ್ಲಿ’ ಎಂಬುದನ್ನು ತಿಳಿಯಲು ನಮ್ಮ ಪ್ರಯೋಗಶಾಲೆಯ ಶ್ರುತಿಕವೆಯೇ ನೆರವಾಗುತ್ತದೆ. ಜರ್ಮನಿಯ ವೈದ್ಯ ರಿನ್ನೆ 1855ರಲ್ಲಿ ಪ್ರಕಟಿಸಿದ ಪರೀಕ್ಷೆಯಿದು. 512 ಕಂಪನಗಳ ಕವೆಯನ್ನು ಮಿಡಿದು ಅದರ ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಬೇಕು. ನಾದ ಅಡಗಿದೊಡನೆ ಕವೆಯನ್ನು ಕಿವಿಯ ಮುಂದೆ ಹಿಡಿದರೆ ಆರೋಗ್ಯವಾದ ಕಿವಿಗೆ ಅದು ಮತ್ತೆ ಕೇಳಿಸುತ್ತದೆ. ನಡುಗಿವಿಯಲ್ಲಿ ಸಾಕಷ್ಟು ತಡೆಯಿದ್ದರೆ ಕೇಳಿಸದು. ಏಕೆಂದರೆ ಮೂಳೆಯ ಮೂಲಕ ಹೋದ ಕಂಪನವು ಆ ತಡೆಯನ್ನು ಬಳಸಿ ಒಳಗಿವಿಯನ್ನು ಸೇರಿರುತ್ತದೆ.

ಇಂದು ಕಿವಿಯ ನಾಳವನ್ನು ಮುಚ್ಚಿ, ಒಳಗಿನ ಗಾಳಿಯ ಒತ್ತಡವನ್ನು ಏರಿಳಿಸುತ್ತ, ತಮಟೆ ಎಷ್ಟು ಸುಲಭವಾಗಿ ಅಲುಗುತ್ತದೆಂಬುದನ್ನೂ ಅಳೆಯುತ್ತಾರೆ. ಸ್ವಸ್ಥವಾದ ಕಿವಿಯ ರೇಖೆ ಬೆಟ್ಟದಂತೆ ಏರಿ ಇಳಿಯುತ್ತದೆ. ತಮಟೆಯ ಹಿಂದೆ ದ್ರವ ತುಂಬಿದ್ದರೆ ರೇಖೆ ಬಹುಮಟ್ಟಿಗೆ ಬಯಲಿನಂತೆ ಚಪ್ಪಟೆ.

ಮಕ್ಕಳಲ್ಲಿ ಇಂಥ ದ್ರವ ಸಾಮಾನ್ಯ. ಅದು ಎಷ್ಟೋ ವೇಳೆ ತಾನಾಗಿಯೇ ಇಂಗುತ್ತದೆ, ಉಳಿದರೆ ಚಿಕಿತ್ಸೆಯುಂಟು. ಒಳಗಿವಿಯ ರೋಮಕೋಶಗಳು ನಾಶವಾದರೆ ಅವು ಮತ್ತೆ ಬೆಳೆಯವು. ಶ್ರವಣಸಾಧನದ ಆಸರೆ ಬೇಕಾಗಬಹುದು. ಆದುದರಿಂದ ಕರೆದರೆ ಓಗೊಡದ ಹುಡುಗನನ್ನು ಗದರಿಸುವ ಮುನ್ನ ಅವನ ಕಿವಿಯನ್ನು ಪರೀಕ್ಷಿಸುವುದು ವಿವೇಕ.