ಯೋಜನಾ ಕಾರ್ಯದ ವೇಳೆ ಹಂಚಿಕೆಗೆ ಸ್ತಂಭ ನಕ್ಷೆ: 9ನೇ ತರಗತಿಗೆ ಒಂದು ಪಾಠ

ಗಣಿತದ ಯೋಜನಾ ಕಾರ್ಯವೆಂದರೆ ಬಹುಪಾಲು ಗುಂಪುಗಳಲ್ಲಿ ಕೊನೆಯ ಎರಡು ದಿನದ ಓಟ. ಬರೆಯುವ ಅಕ್ಷರ ಚೆನ್ನಾಗಿರುವ ಒಬ್ಬರೋ ಇಬ್ಬರೋ ಎಲ್ಲವನ್ನೂ ಮುಗಿಸುತ್ತಾರೆ. ಉಳಿದವರ ಹೆಸರು ಹೊದಿಕೆಯ ಮೇಲಷ್ಟೇ ಇರುತ್ತದೆ. ಕೆಲಸವನ್ನು ದಿನಗಳಿಗೆ ಹಂಚುವುದನ್ನೂ ಗಣಿತವಾಗಿಯೇ ಕಲಿಸಬಹುದೆಂಬುದು ಈ ಪಾಠದ ಆಶಯ.

ಪೂರ್ವಜ್ಞಾನ: ಸ್ತಂಭ ನಕ್ಷೆಯ ರಚನೆ, ಸಿಲಿಂಡರಿನ ಗಾತ್ರ, ಸರಾಸರಿ.

ಉದ್ದೇಶಗಳು: ಚಟುವಟಿಕೆಗಳ ಅವಧಿ ಮತ್ತು ಕ್ರಮವನ್ನು ಗುರುತಿಸುವುದು, ಅವುಗಳನ್ನು ನಕ್ಷೆಯಲ್ಲಿ ತೋರಿಸುವುದು, ಒಂದು ಕೆಲಸ ತಡವಾದರೆ ಒಟ್ಟು ಅವಧಿಗೆ ಏನಾಗುತ್ತದೆಂದು ತರ್ಕಿಸುವುದು.

ವಿಷಯದ ಹಿನ್ನೆಲೆ
ಇಂತಹ ನಕ್ಷೆಗಳನ್ನು 1910ರ ದಶಕದಲ್ಲಿ ಜನಪ್ರಿಯಗೊಳಿಸಿದವರು ಅಮೆರಿಕದ ಎಂಜಿನಿಯರ್ ಹೆನ್ರಿ ಗ್ಯಾಂಟ್ (1861–1919). ಅದಕ್ಕೂ ಮೊದಲು, 1896ರಲ್ಲಿ, ಪೋಲೆಂಡಿನ ಕರೋಲ್ ಅಡಮಿಯೆಟ್ಸ್ಕಿ ಇದೇ ಬಗೆಯ ನಕ್ಷೆಯನ್ನು ರೂಪಿಸಿದ್ದರು. ನಾವು ಕಲಿಸುವ ಸ್ತಂಭ ನಕ್ಷೆಗೂ ಇದಕ್ಕೂ ಮುಖ್ಯವಾದ ವ್ಯತ್ಯಾಸವೊಂದಿದೆ. ಅಲ್ಲಿ ಎಲ್ಲ ಸ್ತಂಭಗಳೂ ಸೊನ್ನೆಯಿಂದ ಏಳುತ್ತವೆ, ಎತ್ತರವನ್ನು ಮಾತ್ರ ಓದುತ್ತೇವೆ. ಇಲ್ಲಿ ಸ್ತಂಭ ಅಡ್ಡ ಮಲಗಿರುತ್ತದೆ. ಅದರ ಉದ್ದದಷ್ಟೇ ಅದು ಎಲ್ಲಿ ಆರಂಭವಾಗುತ್ತದೆ ಎಂಬುದೂ ಮುಖ್ಯ.

ಪಾಠದ ಬೆಳವಣಿಗೆ
ಆಯ್ದ ಯೋಜನಾ ಕಾರ್ಯ ‘ನಮ್ಮ ಓಣಿಯ ನೀರಿನ ಸಂಗ್ರಹ’. ಅವಳಿ ನಗರದ ಕೆಲವು ವಾರ್ಡುಗಳಲ್ಲಿ 2008ರಲ್ಲಿ ಪ್ರಾಯೋಗಿಕವಾಗಿ 24 ಗಂಟೆ ನೀರು ಪೂರೈಕೆ ಆರಂಭವಾಯಿತು. ಉಳಿದ ಓಣಿಗಳ ಮಕ್ಕಳಿಗೆ ‘ನೀರು ಬಿಡುವ ದಿನ’ ಎಂಬ ಮಾತನ್ನು ವಿವರಿಸಬೇಕಿಲ್ಲ. ಕೆಲಸಗಳನ್ನು ಮಕ್ಕಳಿಂದಲೇ ಹೇಳಿಸಿ, ಕರಿಹಲಗೆಯ ಮೇಲೆ ಹೀಗೆ ಬರೆಯಲಾಯಿತು:

1. ಪ್ರಶ್ನಾವಳಿ ಮತ್ತು ದಾಖಲೆ ಹಾಳೆಯ ತಯಾರಿ – 2 ದಿನ
2. ಬ್ಯಾರಲ್, ತೊಟ್ಟಿ, ಕೊಡಗಳ ಅಳತೆ – 3 ದಿನ (1ರ ನಂತರ)
3. ನೀರು ಬಂದ ದಿನ, ಹೊತ್ತಿನ ದಾಖಲೆ – 6 ದಿನ (1ರ ನಂತರ)
4. ಗಾತ್ರದ ಲೆಕ್ಕ – 2 ದಿನ (2ರ ನಂತರ)
5. ಕೋಷ್ಟಕ, ಸರಾಸರಿ – 2 ದಿನ (3 ಮತ್ತು 4ರ ನಂತರ)
6. ವರದಿ, ಮಂಡನೆ – 2 ದಿನ (5ರ ನಂತರ)

‘ಒಟ್ಟು ಎಷ್ಟು ದಿನ ಬೇಕು?’ ಎಂದು ಕೇಳಿದಾಗ ತರಗತಿ ಕೂಡಿಸಿ 17 ಎಂದಿತು. ನಂತರ ಚೌಕಳಿ ಹಾಳೆಯಲ್ಲಿ, ಒಂದು ಚೌಕಕ್ಕೆ ಒಂದು ದಿನದಂತೆ, ನಕ್ಷೆ ಮೂಡಿತು:

1 ■■□□□□□□□□□□
2 □□■■■□□□□□□□
3 □□■■■■■■□□□□
4 □□□□□■■□□□□□
5 □□□□□□□□■■□□
6 □□□□□□□□□□■■

ಕೆಲಸ 17 ದಿನದ್ದಾದರೂ ಮುಗಿಯುವುದು 12ನೇ ದಿನ. 2 ಮತ್ತು 4ನೇ ಕೆಲಸಗಳು 3ನೆಯದರ ಜೊತೆಜೊತೆಗೇ ಸಾಗುವುದೇ ಇದಕ್ಕೆ ಕಾರಣ.

ಚರ್ಚೆ
ಅಳತೆ ಒಂದು ದಿನ ತಡವಾದರೆ? ಏನೂ ಆಗದು; 8ನೇ ದಿನ ಖಾಲಿ ಇದೆ. ಎರಡು ದಿನ ತಡವಾದರೆ ಒಟ್ಟು ಅವಧಿ 13 ಆಗುತ್ತದೆ. ದಾಖಲೆ ಒಂದೇ ದಿನ ತಡವಾದರೂ ಎಲ್ಲವೂ ಮುಂದಕ್ಕೆ ಹೋಗುತ್ತದೆ. ಏಕೆಂದರೆ 1–3–5–6 ಎಂಬ ಸರಪಣಿಯೇ ಒಟ್ಟು ಅವಧಿಯನ್ನು ನಿರ್ಧರಿಸುತ್ತದೆ: 2+6+2+2=12.

ಹಾಗಾದರೆ 11 ದಿನದಲ್ಲಿ ಮುಗಿಸಬಹುದೇ? ‘ದಾಖಲೆಗೆ ಇನ್ನೂ ನಾಲ್ಕು ಮಂದಿಯನ್ನು ಹಾಕೋಣ’ ಎಂಬ ಉತ್ತರ ಬಂತು. ಆದರೆ ಮಂದಿ ಹೆಚ್ಚಾದರೆ ನೀರು ಬೇಗ ಬರುವುದಿಲ್ಲ. ದಾಖಲೆ ಹಾಳೆಯನ್ನು ಮೊದಲ ದಿನವೇ ಸಿದ್ಧಪಡಿಸಿದರೆ 3ನೇ ಕೆಲಸವನ್ನು 2ನೇ ದಿನವೇ ಆರಂಭಿಸಬಹುದೆಂದು ಹಿಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಸೂಚಿಸಿದಳು. ಅವಧಿ 11ಕ್ಕೆ ಇಳಿಯಿತು. ಆದರೆ ಅಳತೆಗಿದ್ದ ಒಂದು ದಿನದ ಬಿಡುವೂ ಹೋಯಿತು. ಈಗ ಎರಡೂ ಸರಪಣಿಗಳು ಬಿಗಿಯಾದವು.

ಪ್ರತಿ ಸ್ತಂಭದೊಳಗೆ ಅದನ್ನು ಮಾಡುವವರ ಹೆಸರು ಬರೆಸುವುದು ಮುಂದಿನ ಹೆಜ್ಜೆ. ಒಂದೇ ದಿನದ ಕೆಳಗೆ ಒಬ್ಬರ ಹೆಸರು ಎರಡು ಸಾಲಿನಲ್ಲಿ ಬಂದರೆ ಹೊರೆ ಅಲ್ಲೇ ಕಾಣುತ್ತದೆ. ನೀರು ಬಿಡುವ ದಿನ ಮನೆಯಲ್ಲಿ ಕೊಡ ಹಿಡಿಯಬೇಕಾದ ಮಗುವಿಗೆ ಆ ದಿನ ಬೇರೆ ಕೆಲಸ ಕೊಡಬಾರದೆಂಬುದನ್ನೂ ಗುಂಪುಗಳೇ ಕಂಡುಕೊಂಡವು.

ಮೌಲ್ಯಮಾಪನ
ಯೋಜಿಸಿದ ಸ್ತಂಭವನ್ನು ನೀಲಿ ಬಣ್ಣದಲ್ಲಿ, ನಿಜವಾಗಿ ನಡೆದದ್ದನ್ನು ಅದರ ಕೆಳಗೆ ಕೆಂಪು ಬಣ್ಣದಲ್ಲಿ ಗುರುತಿಸಲಿ. ಎರಡರ ವ್ಯತ್ಯಾಸಕ್ಕೆ ಕಾರಣವನ್ನು ಒಂದೊಂದು ವಾಕ್ಯದಲ್ಲಿ ಬರೆಯಲಿ. ವರದಿಯ ಅಂದಕ್ಕಿಂತ ಈ ಹಾಳೆಗೆ ಹೆಚ್ಚು ಅಂಕ ಮೀಸಲಿಡುವುದು ಸೂಕ್ತ; ಯಾರು ಯಾವ ದಿನ ಏನು ಮಾಡಿದರೆಂಬುದಕ್ಕೆ ಇದೇ ಸಾಕ್ಷಿ.

ಗೃಹಪಾಠ: ಮನೆಯ ಒಂದು ಹಬ್ಬದಡುಗೆಯನ್ನು ಕೆಲಸಗಳಾಗಿ ಬಿಡಿಸಿ, ಗಂಟೆಯ ಅಳತೆಯಲ್ಲಿ ನಕ್ಷೆ ರಚಿಸಿ. ಯಾವ ಕೆಲಸ ತಡವಾದರೆ ಊಟವೇ ತಡವಾಗುತ್ತದೆ?