ಕಣ್ಣು ಕಾಣದುದನ್ನು ಕಾಣಿಸುವ ಛಾಯಾಚಿತ್ರಗಳು

ಛಾಯಾಚಿತ್ರವೆಂದೊಡನೆ ನಮ್ಮ ನೆನಪಿಗೆ ಬರುವುವು ಮದುವೆಯ ಚಿತ್ರಗಳು, ಮನೆಯ ಹಿರಿಯರ ಭಾವಚಿತ್ರಗಳು, ಇಲ್ಲವೆ ವರ್ಷಾಂತ್ಯದಲ್ಲಿ ಶಾಲೆಯ ಮುಂದೆ ಸಾಲಾಗಿ ನಿಂತು ತೆಗೆಸಿಕೊಂಡ ತರಗತಿಯ ಚಿತ್ರ. ಇವು ನಾವು ಕಂಡುದನ್ನು ಮರೆಯದಂತೆ ಉಳಿಸಿಕೊಡುವುವು. ಆದರೆ ಬರಿಗಣ್ಣು ಕಾಣಲಾರದುದನ್ನು ಕಾಣಿಸಿಕೊಡುವ ಶಾಖೆಗಳೂ ಈ ವಿದ್ಯೆಯಲ್ಲಿ ಉಂಟು. ಅವುಗಳ ಪರಿಚಯವು ಜನರಲ್ಲಿ ಬಹಳ ಕಡಿಮೆ. ಶಿವಮೊಗ್ಗ ಸೀಮೆಯ ಕಲ್ಲನ್ನೂ ಭದ್ರಾವತಿಯ ಕಬ್ಬಿಣವನ್ನೂ ಮುಂದಿಟ್ಟುಕೊಂಡು ಅಂಥ ಮೂರು ಶಾಖೆಗಳನ್ನು ಇಲ್ಲಿ ವಿವರಿಸಲಾಗಿದೆ.

೧. ಶಿಲಾಶಾಸನಗಳ ಚಿತ್ರ

ಶಿವಮೊಗ್ಗ ಜಿಲ್ಲೆಯು ಶಾಸನಗಳ ಭಂಡಾರವೇ ಸರಿ. ತಾಳಗುಂದದಲ್ಲಿ ಕದಂಬರ ಸ್ತಂಭಶಾಸನವಿದೆ. ಬಳ್ಳಿಗಾವಿಯಲ್ಲಿ ಚಾಲುಕ್ಯರ ಕಾಲದ ಅನೇಕ ಶಾಸನಗಳಿವೆ. ೧೮೬೫ರಲ್ಲಿಯೇ ಮೇಜರ್ ಡಿಕ್ಸನ್ ಎಂಬ ಸೈನ್ಯಾಧಿಕಾರಿಯು ಮೈಸೂರು ಸರ್ಕಾರದ ಪರವಾಗಿ ಈ ರಾಜ್ಯದ ಶಾಸನಗಳ ಛಾಯಾಚಿತ್ರಗಳನ್ನು ತೆಗೆದನು. ಆ ಚಿತ್ರಗಳ ಆಧಾರದಿಂದ ಬಿ. ಎಲ್. ರೈಸ್ ಅವರು ೧೮೭೯ರಲ್ಲಿ ‘ಮೈಸೂರು ಇನ್‌ಸ್ಕ್ರಿಪ್ಷನ್ಸ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ಬಳಿಕ ೧೯೦೨ರಲ್ಲಿಯೂ ೧೯೦೪ರಲ್ಲಿಯೂ ಈ ಜಿಲ್ಲೆಯ ಶಾಸನಗಳು ‘ಎಪಿಗ್ರಾಫಿಯ ಕರ್ನಾಟಿಕ’ದ ಎರಡು ಸಂಪುಟಗಳಾಗಿ ಹೊರಬಂದವು.

ಶಾಸನದ ಚಿತ್ರವನ್ನು ತೆಗೆಯುವ ಗುಟ್ಟು ಬೆಳಕಿನಲ್ಲಿದೆ. ಎದುರಿನಿಂದ ನೇರವಾಗಿ ಬಿದ್ದ ಬೆಳಕಿನಲ್ಲಿ ಸವೆದ ಅಕ್ಷರಗಳು ಕಲ್ಲಿನೊಳಗೆ ಅಡಗಿಹೋಗುವುವು. ಬೆಳಕು ಒಂದು ಪಕ್ಕದಿಂದ ಕಲ್ಲಿನ ಮೈಯನ್ನು ಸವರಿಕೊಂಡು ಬಂದರೆ, ಅಕ್ಷರದ ತಗ್ಗಿನಲ್ಲಿ ನೆರಳು ನಿಂತು ಗೆರೆಯು ಎದ್ದು ಕಾಣುವುದು. ಸವೆದ ನಾಣ್ಯವೊಂದನ್ನು ಕತ್ತಲೆಯ ಕೋಣೆಯಲ್ಲಿಟ್ಟು, ದೀಪವನ್ನು ಮೊದಲು ಮೇಲಿನಿಂದಲೂ ಅನಂತರ ಪಕ್ಕದಿಂದಲೂ ಹಿಡಿದರೆ ಈ ಭೇದವು ಯಾರಿಗಾದರೂ ತಿಳಿಯುವುದು. ಆದರೆ ಬೆಳಕು ಬರುವ ದಿಕ್ಕಿಗೇ ಚಾಚಿದ ಗೆರೆಗೆ ನೆರಳಿಲ್ಲ. ಆದಕಾರಣ ದಿಕ್ಕನ್ನು ಬದಲಿಸಿ ಹಲವು ಚಿತ್ರಗಳನ್ನು ತೆಗೆಯಬೇಕು. ಕಲ್ಲಿನ ಮೇಲೆ ಕಾಗದವನ್ನು ತಟ್ಟಿ ತೆಗೆಯುವ ಪಡಿಯಚ್ಚಿನ ಕ್ರಮವೂ ಉಂಟು. ಛಾಯಾಚಿತ್ರವಾದರೋ ಕಲ್ಲನ್ನು ಮುಟ್ಟುವುದೇ ಇಲ್ಲ. ಶಾಸನದ ಕಲ್ಲು ಬಟ್ಟೆ ಒಗೆಯುವ ಕಲ್ಲಾಗಿಯೋ ಕಟ್ಟಡದ ಬುನಾದಿಯಾಗಿಯೋ ಹಾಳಾದ ಮೇಲೆ, ಊರಿನ ಚರಿತ್ರೆಗೆ ಆ ಚಿತ್ರವೊಂದೇ ಸಾಕ್ಷಿಯಾಗಿ ಉಳಿಯುವುದು.

೨. ಲೋಹದ ಒಡಲಿನ ಚಿತ್ರ

ಭದ್ರಾವತಿಯಲ್ಲಿ ೧೯೨೩ರಲ್ಲಿ ಸೌದೆಯ ಇದ್ದಿಲಿನಿಂದ ಅದಿರನ್ನು ಕರಗಿಸಿ ಕಬ್ಬಿಣವನ್ನು ತೆಗೆಯಲಾರಂಭಿಸಿದರೆಂಬುದು ಎಲ್ಲರಿಗೂ ತಿಳಿದ ವಿಷಯ. ನೋಡಲು ಒಂದೇ ಬಗೆಯಾಗಿರುವ ಎರಡು ತುಂಡುಗಳಲ್ಲಿ ಒಂದು ಪೆಟ್ಟನ್ನು ತಾಳುವುದು, ಇನ್ನೊಂದು ಸಿಡಿಯುವುದು; ಇದಕ್ಕೆ ಕಾರಣವೇನು? ಉತ್ತರವು ಲೋಹದ ಒಳಗಣ ರಚನೆಯಲ್ಲಿದೆ. ಅದನ್ನರಿಯಲು ಚಿಕ್ಕ ತುಂಡೊಂದನ್ನು ಎಮರಿ ಕಾಗದದಿಂದ ಉಜ್ಜಿ, ಕನ್ನಡಿಯಂತೆ ನುಣುಪು ಮಾಡಿ, ಮದ್ಯಸಾರದಲ್ಲಿ ಬೆರಸಿದ ಸ್ವಲ್ಪ ನೈಟ್ರಿಕ್ ಆಮ್ಲವನ್ನು ಸೋಕಿಸುವರು. ಆಗ ಕಣಗಳ ಎಲ್ಲೆಗಳು ಸೂಕ್ಷ್ಮದರ್ಶಕದಲ್ಲಿ ಕಾಣಬರುವುವು. ಅವುಗಳ ಚಿತ್ರವನ್ನು ತೆಗೆಯುವರು. ಇಂಗ್ಲೆಂಡಿನ ಷೆಫೀಲ್ಡ್ ನಗರದ ಹೆನ್ರಿ ಸಾರ್ಬಿ ಎಂಬ ವಿಜ್ಞಾನಿಯು ೧೮೬೪ರಲ್ಲಿ ಇಂಥ ಚಿತ್ರಗಳನ್ನು ವಿದ್ವಾಂಸರ ಮುಂದಿಟ್ಟನು. ಬೂದು ಬಣ್ಣದ ಬೀಡುಕಬ್ಬಿಣದ ಚಿತ್ರದಲ್ಲಿ ಇಂಗಾಲವು ಕರಿಯ ಎಸಳುಗಳಂತೆ ಹರಡಿರುವುದು ಕಾಣುವುದು. ಆ ಎಸಳುಗಳ ತುದಿಯಲ್ಲಿಯೇ ಬಿರುಕು ಸುಲಭವಾಗಿ ಹುಟ್ಟುವುದರಿಂದ ಅಂಥ ಕಬ್ಬಿಣವು ಪೆಟ್ಟಿಗೆ ಒಡೆಯುವುದು.

೩. ಎಕ್ಸ್ ಕಿರಣದ ಚಿತ್ರ

೧೮೯೫ರಲ್ಲಿ ರಾಂಟ್ಜನ್ ಪಂಡಿತನು ಎಕ್ಸ್ ಕಿರಣಗಳನ್ನು ಕಂಡುಹಿಡಿದು, ತನ್ನ ಪತ್ನಿಯ ಕೈಯ ಎಲುಬುಗಳ ಚಿತ್ರವನ್ನು ತೆಗೆದನು. ವೈದ್ಯನಿಗೆ ಎಲುಬಿನ ಬಿರುಕನ್ನು ತೋರಿಸುವ ಈ ಕಿರಣವೇ ಕಾರ್ಖಾನೆಯವನಿಗೆ ಎರಕದೊಳಗಣ ಗಾಳಿಗುಳ್ಳೆಯನ್ನು ತೋರಿಸುವುದು. ಗುಳ್ಳೆಯಿರುವಲ್ಲಿ ಲೋಹವು ಕಡಿಮೆಯಾದುದರಿಂದ ಕಿರಣವು ಹೆಚ್ಚಾಗಿ ನುಗ್ಗಿ ಫಿಲ್ಮಿನಲ್ಲಿ ಕಪ್ಪು ಕಲೆಯಾಗುವುದು. ಯಂತ್ರವು ಮುರಿದು ಕೆಲಸಗಾರನ ಕೈಯೋ ಪ್ರಾಣವೋ ಹೋದ ಬಳಿಕ ತಿಳಿಯುವ ದೋಷವನ್ನು ಈ ಚಿತ್ರವು ಮೊದಲೇ ತಿಳಿಸುವುದು. ೧೯೫೨ರಲ್ಲಿ ರೊಸಾಲಿಂಡ್ ಫ್ರಾಂಕ್ಲಿನ್ ಎಂಬ ಮಹಿಳೆಯು ತನ್ನ ಶಿಷ್ಯನಾದ ಗಾಸ್ಲಿಂಗನೊಡನೆ ಇದೇ ಕಿರಣದಿಂದ ಪಡೆದ ಚಿತ್ರವೊಂದು, ಜೀವಿಗಳ ವಂಶಗುಣವನ್ನು ಹೊತ್ತ ಡಿ.ಎನ್.ಎ.ಯ ಆಕಾರವನ್ನರಿಯಲು ನೆರವಾಯಿತು.

ಈ ಮೂರು ಶಾಖೆಗಳಿಗೂ ಸಾಮಾನ್ಯವಾದ ನಿಯಮವೊಂದುಂಟು. ಯಾವ ವಸ್ತು, ಎಲ್ಲಿಯದು, ಎಂದು ತೆಗೆದದ್ದು, ಎಷ್ಟು ಪಟ್ಟು ಹಿಗ್ಗಿಸಿದ್ದು ಎಂಬುದನ್ನು ಬರೆದಿಡದ ಚಿತ್ರವು ಎಷ್ಟು ಚೆನ್ನಾಗಿದ್ದರೂ ಸಾಕ್ಷಿಯಾಗದು. ಬರಿಯ ಕ್ಯಾಮರವಿದ್ದರೆ ಸಾಲದು. ಹಳಗನ್ನಡದ ಓದು, ರಸಾಯನಶಾಸ್ತ್ರ, ಭೌತಶಾಸ್ತ್ರ ಇವೂ ಬೇಕು. ಇವೆಲ್ಲಕ್ಕೂ ತಳಹದಿ ಬೀಳುವುದು ಪ್ರೌಢಶಾಲೆಯಲ್ಲಿಯೇ. ಆದಕಾರಣ ಮಗಳು ಛಾಯಾಗ್ರಹಣವನ್ನು ಕಲಿಯಬಯಸಿದರೆ, ಅದು ಬರಿಯ ವಿನೋದವೆಂದು ತಾಯಿತಂದೆಗಳು ತಳ್ಳಿಹಾಕಲಾಗದು.

ಹಳೆಯ ವಿದ್ಯಾರ್ಥಿನಿಯರಿಗೆ ಒಂದು ಬಿನ್ನಹ. ತಮ್ಮಲ್ಲಿರುವ ತರಗತಿಯ ಚಿತ್ರಗಳ ಹಿಂಬದಿಯ ಅಂಚಿನಲ್ಲಿ ಮೆದುವಾದ ಪೆನ್ಸಿಲಿನಿಂದ ಇಸವಿಯನ್ನೂ ಎಲ್ಲರ ಹೆಸರುಗಳನ್ನೂ ಇಂದೇ ಬರೆದಿಡಿರಿ. ಆ ಮುಖಗಳನ್ನು ಗುರುತಿಸಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವರು.