ಮುಖದ ಮೇಲಿನ ಕೆಂಪು ಗುಳ್ಳೆ: ಕಾರಣ ತಿಳಿಯದೆ ಮುಲಾಮು ಬೇಡ



ಮೊಡವೆ ಅಂದ್ರೆ ಹರೆಯದ ಮಕ್ಕಳಿಗೆ ಬರೋದು ಅಂತ ನಾವು ತಿಳಿದಿದ್ದೇವೆ. ಆದರೆ ಮೂವತ್ತು, ನಲವತ್ತು ದಾಟಿದ ಮೇಲೂ ಮುಖದಲ್ಲಿ ಕೆಂಪಗೆ, ನೋಯುವ ಗುಳ್ಳೆಗಳು ಏಳುತ್ತವೆ. ನಮ್ಮ ಧನಗೆರೆಯಲ್ಲೂ ಇದಕ್ಕೆ ನಾಚಿ ಸೆರಗಿನಲ್ಲಿ ಮುಖ ಮರೆಸಿಕೊಳ್ಳುವವರಿದ್ದಾರೆ. "ಉಷ್ಣ ಆಗಿದೆ", "ದೃಷ್ಟಿ ತಾಗಿದೆ" ಅಂತೀವಿ. ಯಾರೋ ಹೇಳಿದ ಕ್ರೀಮು ತಂದು ಹಚ್ತೀವಿ. ಗುಳ್ಳೆ ಒಂದೇ ಥರ ಕಂಡರೂ ಕಾರಣ ಒಂದೇ ಅಲ್ಲ. ಅದನ್ನು ಈ ಪಾಠದಲ್ಲಿ ತಿಳಿಯೋಣ.

ಕಾರಣಗಳು

1. ಮೊಡವೆ: ಕೂದಲಿನ ಬುಡದ ರಂಧ್ರದಲ್ಲಿ ಜಿಡ್ಡು, ಸತ್ತ ಚರ್ಮ ಕಟ್ಟಿಕೊಂಡು ಕೀವಾಗುತ್ತದೆ. ತಲೆಯ ಎಣ್ಣೆ ಹಣೆಗೆ ಇಳಿದರೂ ಹೆಚ್ಚುತ್ತದೆ.

2. ಹಾರ್ಮೋನು ಏರುಪೇರು: ಮುಟ್ಟಿಗೆ ಮುಂಚೆ ಗದ್ದ, ದವಡೆಯಲ್ಲಿ ಗುಳ್ಳೆ ಏಳಬಹುದು. ಜೊತೆಗೆ ಮುಟ್ಟು ತಪ್ಪುವುದು, ಮುಖದಲ್ಲಿ ಕೂದಲು ಬೆಳೆಯುವುದು ಇದ್ದರೆ ಪಿಸಿಒಎಸ್ ಎಂಬ ತೊಂದರೆ ಇರಬಹುದು, ಪರೀಕ್ಷೆ ಮಾಡಿಸಬೇಕು.

3. ರೊಸೇಶಿಯ: ಕೆನ್ನೆ, ಮೂಗು ಕೆಂಪಾಗಿ ಉರಿಯುತ್ತವೆ. ಬಿಸಿಲು, ಒಲೆಯ ಝಳ, ಖಾರದಿಂದ ಜಾಸ್ತಿಯಾಗುತ್ತದೆ.

4. ಮಾತ್ರೆಗಳು: ಕ್ಷಯ, ಮೂರ್ಛೆರೋಗದ ಕೆಲವು ಮಾತ್ರೆಗಳಿಂದಲೂ ಗುಳ್ಳೆ ಬರುತ್ತದೆ. ಹಾಗಂತ ಮಾತ್ರೆ ನಿಲ್ಲಿಸಬೇಡಿ, ವೈದ್ಯರಿಗೆ ತಿಳಿಸಿ.

5. ಕುಷ್ಠರೋಗ: ಮುಖ, ಕಿವಿಯ ಮೇಲೆ ನೋವಿಲ್ಲದ ಗಂಟು, ಸ್ಪರ್ಶ ತಿಳಿಯದ ಮಚ್ಚೆ, ಹುಬ್ಬು ಉದುರುವುದು ಕಂಡರೆ ತಡ ಮಾಡಬೇಡಿ. ಇದು ವಾಸಿಯಾಗುವ ಕಾಯಿಲೆ. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ.

ಮುಲಾಮೇ ಕಾರಣವಾದಾಗ

ಬೆಳ್ಳಗಾಗಲೆಂದು ಹಚ್ಚುವ ಕೆಲವು ಕ್ರೀಮುಗಳಲ್ಲಿ ಬೀಟಾಮೆಥಾಸೋನ್, ಮೊಮೆಟಾಸೋನ್‌ನಂಥ ಸ್ಟೀರಾಯ್ಡ್ ಇರುತ್ತದೆ. ಮೊದಲ ಕೆಲವು ದಿನ ಮುಖ ತಿಳಿಯಾಗುತ್ತದೆ. "ಎಷ್ಟು ಚೆನ್ನಾಗಿದೆ!" ಅಂತ ಅಕ್ಕಪಕ್ಕದವರಿಗೂ ಹೇಳ್ತೀವಿ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ಕೆಂಪಾಗಿ, ಗುಳ್ಳೆ ತುಂಬಿಕೊಳ್ಳುತ್ತದೆ. ಬಿಟ್ಟರೆ ಉರಿ ಹೆಚ್ಚುತ್ತದೆ ಅಂತ ಮತ್ತೆ ಅದನ್ನೇ ಹಚ್ಚುತ್ತೇವೆ. ದುಡ್ಡೂ ಹೋಯಿತು, ಮುಖವೂ ಹಾಳಾಯಿತು. ಇದಕ್ಕೇ 2018ರಲ್ಲಿ ಕೇಂದ್ರ ಸರ್ಕಾರ ಚರ್ಮಕ್ಕೆ ಹಚ್ಚುವ 14 ಸ್ಟೀರಾಯ್ಡ್ ಔಷಧಿಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ನಿಯಮ ತಂದಿತು. ಈಗಾಗಲೇ ಬಳಸುತ್ತಿದ್ದರೆ ಆ ಟ್ಯೂಬನ್ನೇ ವೈದ್ಯರಿಗೆ ತೋರಿಸಿ, ಹೇಗೆ ಬಿಡಬೇಕೆಂದು ಕೇಳಿ.

ನಾವು ಮಾಡಬೇಕಾದ್ದು

• ದಿನಕ್ಕೆ ಎರಡು ಸಲ ಮೆದುವಾದ ಸೋಪಿನಿಂದ ಮುಖ ತೊಳೆಯಿರಿ. ಉಜ್ಜಬೇಡಿ.
• ಗುಳ್ಳೆ ಹಿಸುಕಬೇಡಿ. ಸುಣ್ಣ, ನಿಂಬೆರಸ, ಟೂತ್‌ಪೇಸ್ಟ್ ಹಚ್ಚಬೇಡಿ.
• ಮೊಡವೆಯ ಔಷಧಿಗೆ ಗುಣ ಕಾಣಲು ಆರರಿಂದ ಎಂಟು ವಾರ ಬೇಕು. ನಡುವೆ ಬಿಡಬೇಡಿ.
• ಗರ್ಭಿಣಿಯಾಗಿದ್ದರೆ ಮೊದಲೇ ವೈದ್ಯರಿಗೆ ಹೇಳಿ. ಮೊಡವೆಯ ಕೆಲವು ಮಾತ್ರೆಗಳು ಮಗುವಿಗೆ ಅಪಾಯ.
• ಮೂಗು, ಮೇಲ್ತುಟಿಯ ಹತ್ತಿರ ಕುರು ಎದ್ದು ಜ್ವರ ಬಂದರೆ, ಕಣ್ಣು ಊದಿದರೆ ಅಂದೇ ಆಸ್ಪತ್ರೆಗೆ ಹೋಗಿ.

ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೊದಲು ತೋರಿಸೋಣ. ಬೇಕಾದರೆ ಅವರೇ ಚರ್ಮದ ವೈದ್ಯರ ಹತ್ತಿರ ಕಳಿಸುತ್ತಾರೆ. ಗುಳ್ಳೆ ಬಂದವರನ್ನು ನೋಡಿ ನಗುವುದು ಬೇಡ, ಸಂಘದಲ್ಲಿ ಪಕ್ಕಕ್ಕೆ ಕೂರಿಸಿಕೊಳ್ಳೋಣ.

ಸಭೆಯಲ್ಲಿ ಚರ್ಚಿಸಿ

1. ನಮ್ಮ ಮನೆಯಲ್ಲಿರುವ ಕ್ರೀಮುಗಳನ್ನು ಯಾರು ಹೇಳಿ ತಂದೆವು?
2. ಮುಂದಿನ ಸಭೆಗೆ ಆ ಟ್ಯೂಬುಗಳನ್ನು ತಂದು, ಓದುಬರಹ ಬಲ್ಲವರಿಂದ ಒಳಗೇನಿದೆ ಅಂತ ಓದಿಸೋಣವೇ?